ಡಬ್ಬಣ್ಣ ಹೇಳದ ನಾಲ್ಕು

ನಮ್ಮ ಭಾವ ರಾಕ್ ಹಾಡು ಕಟ್ಟುವವರು. ಅಕ್ಕನನ್ನು ಮದುವೆಯಾದ ದಿನವೂ ಯಾವುದೋ ಸಾಲು ಸಿಗದೆ ಮುಖ ಗಂಟು ಹಾಕಿಕೊಂಡಿದ್ದರು. ಟೈರ್ ಅಂಗಡಿಯ ಹಿಂದಿರುವ ನನ್ನ ಸ್ಟುಡಿಯೋದಲ್ಲಿ ಅವರ ಎಲ್ಲ ಆಲ್ಬಂಗಳನ್ನೂ ರೆಕಾರ್ಡ್ ಮಾಡಿದವನು ನಾನೇ. ಹಾಗಾಗಿ ಅವರನ್ನು ಬೈಯುವ ಹಕ್ಕು ನನಗೆ ಎರಡು ಕಡೆಯಿಂದ ಬಂದಿದೆ.

ಮೊದಮೊದಲಿನ ಆಲ್ಬಂಗಳಲ್ಲಿ ಪೂರ್ತಿ ಬ್ಯಾಂಡ್ ಇತ್ತು. ಡ್ರಮ್ಸ್‌ಗೆ ಡಬ್ಬಣ್ಣ. ಚಿಕ್ಕಂದಿನಲ್ಲಿ ಅಡುಗೆಮನೆಯ ಡಬ್ಬಗಳನ್ನೆಲ್ಲ ಬಡಿದು ನೆಗ್ಗಿಸಿದ್ದಕ್ಕೆ ಅಂಟಿದ ಹೆಸರು. ಪ್ರತಿ ಹಾಡನ್ನೂ ಅವನೇ ಎಣಿಸಿ ಶುರುಮಾಡಿಸುತ್ತಿದ್ದ. 'ಒಂದು, ಎರಡು, ಮೂರು' ಅಂದರೆ ಸಾಕು, ಭಾವನ ಎಲೆಕ್ಟ್ರಿಕ್ ಗಿಟಾರ್ ಮೊಳಗುತ್ತಿತ್ತು, ಉಳಿದವರು ಅದರ ಬೆನ್ನಿಗೆ ಬೀಳುತ್ತಿದ್ದರು. ಎಲ್ಲ ಬ್ಯಾಂಡ್‌ಗಳಲ್ಲೂ ನಾಲ್ಕರವರೆಗೆ ಎಣಿಸುವುದು ವಾಡಿಕೆ, ಆದರೆ ಅವನ ಬಾಯಲ್ಲಿ ನಾಲ್ಕು ಎಂಬುದನ್ನು ನಾವು ಕೇಳಿದ್ದೇ ಇಲ್ಲ. ಅದು ಅವನ ವರಸೆ ಅಂದುಕೊಂಡಿದ್ದೆವು. ಆಲ್ಬಂ ಹೊರಬರುವ ಮುಂಚೆ ಭಾವ ಹೇಳಿದಂತೆ ಆ ಎಣಿಕೆಯನ್ನು ನಾನು ಕತ್ತರಿಸಿ ಎಸೆಯುತ್ತಿದ್ದೆ.

ಇಪ್ಪತ್ತಾರು ವರ್ಷದ ಹಿಂದೆ, ಒಂದು ಹಾಡನ್ನು ಒಂಬತ್ತನೇ ಸಲ ನುಡಿಸುವಾಗ ಭಾವನಿಗೆ ತಲೆ ಕೆಟ್ಟಿತು.

"ಶುರುವಿನಲ್ಲೇ ಪ್ರತಿಸಲ ಹಿಂದೆ ಬೀಳ್ತೀಯ. ನಿನ್ನ ಜೊತೆ ಏಗೋಕೆ ನನ್ನಿಂದಾಗಲ್ಲ."

ಡಬ್ಬಣ್ಣ ಕೋಲುಗಳನ್ನು ಚೀಲಕ್ಕೆ ಹಾಕಿ ಜಿಪ್ ಎಳೆದುಕೊಂಡು ಹೊರಟುಹೋದ. ನಾನು ಟೇಪ್ ಹಿಂದಕ್ಕೆ ಸುತ್ತುತ್ತಾ ಸುಮ್ಮನೆ ಕೂತಿದ್ದೆ. ಆ ಸುಮ್ಮನಿರುವಿಕೆಗೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಆಮೇಲೆ ಭಾವ ಮರದ ಗಿಟಾರ್ ಹಿಡಿದು ಒಬ್ಬರೇ ಹಾಡಿದರು. ಆರು ಮೆತ್ತನೆಯ ಆಲ್ಬಂಗಳು. ಜನ ಮಾಗಿದ ಸಂಗೀತ ಎಂದು ಹೊಗಳಿದರು. ಮಾಗಿದ್ದೂ ಇಲ್ಲ, ಮಣ್ಣೂ ಇಲ್ಲ, ಜೊತೆಗೆ ಯಾರೂ ಇರಲಿಲ್ಲ ಅಷ್ಟೇ ಎಂದು ಅಕ್ಕ ಗೊಣಗುತ್ತಿದ್ದಳು. ಮೂರು ವರ್ಷದ ಹಿಂದೆ ಡಬ್ಬಣ್ಣ ತೀರಿಕೊಂಡ. ಕೊನೆಯ ಸಲ ನೋಡಿ ಬರಲೆಂದು ಭಾವ ಶರ್ಟ್ ಹಾಕಿಕೊಂಡು ಬಾಗಿಲವರೆಗೆ ಹೋಗಿ ವಾಪಸ್ ಬಂದು ಕೂತರು.

ಈ ವರ್ಷ ಇದ್ದಕ್ಕಿದ್ದಂತೆ ಮತ್ತೆ ಬ್ಯಾಂಡ್ ಕಟ್ಟುತ್ತೇನೆಂದರು. ಸತ್ತವನ ಎಣಿಕೆಯಂತೆ ಮೂರಕ್ಕೇ ಹಾಡುಗಳು ಶುರುವಾಗಬೇಕು, ಅದೊಂದಾದರೂ ಅವನಿಗೆ ಸಲ್ಲಲಿ ಎಂಬ ಹಟ. ಡ್ರಮ್ಸ್‌ಗೆ ಸಿಕ್ಕವರು ಹೈಸ್ಕೂಲಿನ ಗಣಿತದ ಮೇಡಂ ಒಬ್ಬರು. ಮೂರಕ್ಕೇ ನಿಲ್ಲಿಸಿ ಎಂದರೆ ಅವರು ಸುಲಭಕ್ಕೆ ಒಪ್ಪುತ್ತಿರಲಿಲ್ಲ. ಒಪ್ಪಿ ನುಡಿಸಿದಾಗಲೆಲ್ಲ ಒಬ್ಬೊಬ್ಬರು ಒಂದೊಂದು ಕಡೆ ಬಿದ್ದರು. ಡಬ್ಬಣ್ಣ ಹೇಗೆ ಮಾಡುತ್ತಿದ್ದನೆಂದು ಕೇಳಿಸೋಣವೆಂದರೆ, ಎಣಿಕೆಯನ್ನೆಲ್ಲ ಕತ್ತರಿಸಿದ ಪುಣ್ಯಾತ್ಮ ನಾನೇ.

ಕೊನೆಗೆ ಭಾವ ಡಬ್ಬಣ್ಣನ ಮನೆಗೆ ಹೋದರು, ನಾನೂ ಜೊತೆಗಿದ್ದೆ. ಅವನ ಹೆಂಡತಿ ಕಪಾಟಿನಿಂದ, ಬ್ಯಾಂಡ್ ಅಭ್ಯಾಸ ಮಾಡುವಾಗ ಅವನು ರೆಕಾರ್ಡ್ ಮಾಡಿಕೊಂಡಿದ್ದ ಹಳೆಯ ಕ್ಯಾಸೆಟ್ ತೆಗೆದುಕೊಟ್ಟರು.

"ಸಿಟ್ಟಿಂದ ಇಟ್ಕೊಂಡಿದ್ದಲ್ಲ ಅಣ್ಣ. ಆಗಾಗ ಹಾಕ್ಕೊಂಡು ಕೇಳ್ತಿದ್ರು."

ಮರುದಿನ ಮಧ್ಯಾಹ್ನ ಸ್ಟುಡಿಯೋದಲ್ಲಿ ಹಾಕಿದೆ. ಒಂದು, ಎರಡು, ಮೂರು. ಗಿಟಾರ್ ಮೊಳಗಿತು. ಭಾವ ಗೆದ್ದವರಂತೆ ಮೇಡಂ ಕಡೆ ತಿರುಗಿದರು. ಮೇಡಂ ಮಾತ್ರ ಹುಬ್ಬು ಗಂಟಿಕ್ಕಿ, ಇನ್ನೊಮ್ಮೆ ಹಾಕಿ ಎಂದರು.

"ನಾಲ್ಕು ಇದೆಯಲ್ಲ ಸರ್. ಗಿಟಾರ್ ಕೆಳಗೆ."

ಹೆಡ್‌ಫೋನ್ ಹಾಕಿಕೊಂಡೆ. ಇತ್ತು. ಕ್ಯಾಸೆಟ್‌ನ ಹನ್ನೊಂದು ಹಾಡಿನಲ್ಲೂ ಇತ್ತು. ಅವನು ಪ್ರತಿಸಲ ನಾಲ್ಕು ಹೇಳಿದ್ದ, ಭಾವ ಪ್ರತಿಸಲ ಅದಕ್ಕೆ ಮುಂಚೆಯೇ ನುಗ್ಗಿದ್ದರು. ಮೊದಲ ಸಾಲು ಮುಗಿಯುವಷ್ಟರಲ್ಲಿ ಡಬ್ಬಣ್ಣ ಏದುಸಿರು ಬಿಟ್ಟುಕೊಂಡು ಓಡಿಬಂದು ಅವರನ್ನು ಸೇರಿಕೊಳ್ಳುತ್ತಿದ್ದ. ಅದಕ್ಕೇ ನಾವು ಹಿಂದೆ ಬೀಳುವುದು ಎಂದು ಹೆಸರಿಟ್ಟಿದ್ದೆವು.

ಭಾವ ನನ್ನ ಹೆಡ್‌ಫೋನ್ ಕಿತ್ತುಕೊಂಡು ತಾವೂ ಕೇಳಿದರು.

"ಆ ನಾಲ್ಕನ್ನೊಂದು ಬಿಡಿಸಿಕೊಡೋ. ಆಲ್ಬಂ ಅದರಿಂದಲೇ ಶುರುವಾಗ್ಲಿ."

ಸಂಜೆಯವರೆಗೂ ಒದ್ದಾಡಿದೆ. ಗಿಟಾರ್ ತೆಗೆದರೆ ಅವನ ದನಿಯೂ ಹೋಗುತ್ತಿತ್ತು.

"ಆಗಲ್ಲ ಭಾವ. ಅದರ ಮೇಲೆ ನೀವು ಕೂತಿದ್ದೀರಿ."

ರೆಕಾರ್ಡಿಂಗ್ ದಿನ ಮೇಡಂ ನಾಲ್ಕೂ ಎಣಿಸಿದರು. ನಾಲ್ಕು ಎಂದ ಮೇಲೂ ಭಾವನ ಕೈ ತಂತಿಯ ಮೇಲೆ ಹಾಗೇ ಇತ್ತು. ಬ್ಯಾಂಡ್ ಹೊರಟುಹೋಯಿತು, ಅವರು ಎರಡನೇ ಸಾಲಿಗೆ ಹೋಗಿ ಸೇರಿಕೊಂಡರು. ಮತ್ತೊಮ್ಮೆ ನುಡಿಸೋಣವೇ ಎಂದು ಕೇಳಿದೆ. ಬೇಡ, ಹಾಗೇ ಇರಲಿ ಎಂದರು. ಆಲ್ಬಂನ ಮೊದಲ ಹಾಡಿನಲ್ಲಿ ಎಣಿಕೆ ಪೂರ್ತಿ ಇದೆ. ಹಿಂದೆ ಬಿದ್ದವರು ಭಾವ.