ಆರು ಸಲ ಕೆಳಗೆ, ಆರು ಸಲ ಮೇಲೆ

ನಮ್ಮ ಯಜಮಾನರು ಓವರ್‌ಸಿಯರ್ ಆಗಿದ್ದರು. ಹೊಳೆಯ ದಡದಲ್ಲಿ ಮೂರು ವರ್ಷ ಸಂಸಾರ ಮಾಡಿಯೂ ಒಂದು ದಿನ ಮೊಣಕಾಲುದ್ದ ನೀರಿಗೆ ಇಳಿದವರಲ್ಲ. ಅಂಥವರು, ನೀರಿನಡಿಯಲ್ಲೇ ಹನ್ನೆರಡು ವರ್ಷ ಬದುಕಿದವನಿಗೆ ಹೇಗೆ ಇಳಿಯಬೇಕು, ಹೇಗೆ ಏಳಬೇಕು ಎಂದು ಹೇಳಿಕೊಡಲು ಹೋದರು.

ಐವತ್ತರ ದಶಕದ ಕೊನೆ. ಹೊಳೆನರಸೀಪುರದ ಆಚೆ ಹೇಮಾವತಿಗೆ ಸೇತುವೆ ಕಟ್ಟುತ್ತಿದ್ದರು. ಒಂದೊಂದು ಕಂಬದ ಬುಡಕ್ಕೂ ಸಿಮೆಂಟಿನ ದೊಡ್ಡ ಬಾವಿಯೊಂದನ್ನು, ಅಂದರೆ ತಳವಿಲ್ಲದ ದುಂಡು ಗೋಡೆಯನ್ನು, ಮರಳಿನೊಳಗೆ ಇಳಿಸಬೇಕಿತ್ತು. ಮೂರನೆಯ ಬಾವಿ ಎಪ್ಪತ್ತು ಅಡಿ ಇಳಿದು ಓರೆಯಾಗಿ ನಿಂತುಬಿಟ್ಟಿತು. ಯಾವ ಕಾಲದ್ದೋ ಮರದ ದಿಮ್ಮಿ ಅದರ ಕೆಳ ಅಂಚಿಗೆ ಸಿಕ್ಕಿಕೊಂಡಿತ್ತು. ಬಾವಿಯ ತುಂಬ ನೀರು. ದಿಮ್ಮಿ ಕೊಯ್ಯಲು, ನೀರಿನಡಿ ಮುಳುಗಿ ಕೆಲಸ ಮಾಡುವ ಡೈವರನ್ನು ಕರೆಸಿದರು.

ಅವನು ಅರಕಲಗೂಡು ಕಡೆಯವನು, ಬೊಂಬಾಯಿಯ ಹಡಗುಕಟ್ಟೆಯಲ್ಲಿ ಕೆಲಸ ಕಲಿತವನು. ರಬ್ಬರಿನ ಅಂಗಿ, ತಾಮ್ರದ ಹೆಲ್ಮೆಟ್ಟು, ಸೀಸದ ಬೂಟು. ಮೇಲೆ ಇಬ್ಬರು ಪಂಪು ತಿರುಗಿಸಿದರೆ ಕೊಳವೆಯಲ್ಲಿ ಅವನಿಗೆ ಗಾಳಿ ಹೋಗುತ್ತಿತ್ತು. ಬಂದ ದಿನವೇ ಎಣ್ಣೆ ಹಿಡಿದ ಇಂಗ್ಲಿಷ್ ಕಾಗದವೊಂದನ್ನು ನನ್ನಿಂದ ಓದಿಸಿದ. ಎಷ್ಟು ಆಳದಲ್ಲಿ ಎಷ್ಟು ಹೊತ್ತಿದ್ದರೆ, ಏಳುವಾಗ ನಡುವೆ ಎಲ್ಲೆಲ್ಲಿ ಎಷ್ಟು ನಿಮಿಷ ತಂಗಬೇಕು ಎಂಬ ಪಟ್ಟಿ ಅದು. ಅವನಿಗೆ ಬಾಯಿಪಾಠವಾಗಿತ್ತು, ಆದರೂ ಒಮ್ಮೆ ಕೇಳಿ ಖಾತ್ರಿ ಮಾಡಿಕೊಂಡ.

"ಬ್ಯಾಗ ಮ್ಯಾಕ್ಕೆ ಬಂದ್ರೆ ಗೋಲಿ ಸೋಡಾ ಒಡ್ದಂಗೆ ಅಮ್ಮಾರೆ, ರಕ್ತದೊಳ್ಗೆ ಗುಳ್ಳೆ ಏಳ್ತವೆ. ಒಂದೇ ದಿನ ಮೇಲೆ ಕೆಳಗೆ ಆಡುದ್ರಂತೂ ಇನ್ನೂ ಕೆಟ್ದು. ಇಳ್ದಷ್ಟು ಸಲದ್ದೂ ಹೊತ್ತು ಕೂಡುಸ್ಕೊಂಡು ತಂಗ್‌ಬೇಕು" ಎಂದ.

ಇದನ್ನು ಯಜಮಾನರಿಗೆ ಹೇಳಿದೆ. "ಹಗ್ಗಕ್ಕೆ ಜೋತುಬಿದ್ದು ನಿದ್ದೆ ಹೊಡೆಯೋಕೆ ಒಂದು ನೆಪ" ಎಂದರು.

ದಿಮ್ಮಿ ಕೊಯ್ಯುವ ದಿನ ಸಂಜೆ ಹಾಸನದಿಂದ ಇಂಜಿನಿಯರ್ ಬರುವವರಿದ್ದರು. ಕೆಲಸ ಎಲ್ಲಿಗೆ ಬಂತೆಂದು ಗಳಿಗೆಗೊಮ್ಮೆ ತಿಳಿಯಬೇಕು ಇವರಿಗೆ. ಸ್ವಲ್ಪ ಕೊಯ್ದೊಡನೆ ಹಗ್ಗ ಎಳೆಸುವುದು, ಅವನ ಹೆಲ್ಮೆಟ್ಟು ಬಿಚ್ಚಿಸಿ ವರದಿ ಕೇಳುವುದು, ಮತ್ತೆ ಇಳಿಸುವುದು. ನಾನು ಊಟದ ಕ್ಯಾರಿಯರ್ ತೆಗೆದುಕೊಂಡು ಹೋದಾಗ ನಾಲ್ಕನೆಯ ಸಲ ಮೇಲೆ ಬಂದಿದ್ದ.

"ಸಾ, ಸಾಕು ಕಣ್ ಸಾ. ಇಲ್ಲಾಂದ್ರೆ ನಿಧಾನ್ವಾಗಾದ್ರೂ ಎಳುಸ್ರಿ."

"ಲೇ, ನಾನು ಡಿಪ್ಲೊಮಾ ಮಾಡಿದೋನು. ನನಗೇ ಲೆಕ್ಕ ಹೇಳಿಕೊಡ್ತೀಯಾ?"

ನಾನು ಆ ಪಟ್ಟಿಯನ್ನು ಪೂರ್ತಿ ಓದಿದ್ದವಳು. ಸುಮ್ಮನೆ ಅನ್ನ ಬಡಿಸಿದೆ. ಯಜಮಾನರ ಬಗ್ಗೆ ನನಗಿರುವ ತಾತ್ಸಾರದಲ್ಲಿ ಒಂದು ಪಾಲು ನನಗೂ ಸಲ್ಲಬೇಕು.

ಆರನೆಯ ಸಲ ಬಂದವನು ಮೊದಲು ಮೈ ಕೆರೆದುಕೊಂಡ. ಆಮೇಲೆ ಭುಜ ಹಿಡಿದುಕೊಂಡು ಕೂತ. ಏಳಲು ಹೋದರೆ ಕಾಲುಗಳು ಏಳಲಿಲ್ಲ. "ವಾಯು ಇರಬೇಕು, ಎಣ್ಣೆ ತಿಕ್ಕಿ" ಎಂದು ಹೇಳಿ ಯಜಮಾನರು ನನ್ನೊಡನೆ ಮನೆಗೆ ಬಂದು ಮಲಗಿದರು. ಅವರ ಗೊರಕೆ ಕೇಳಿಸಿದ ಮೇಲೆ ನಾನು ಕೈಗಡಿಯಾರ ಎತ್ತಿಕೊಂಡು ಹೊಳೆಗೆ ಓಡಿದೆ.

"ನನ್ನ ತಿರ್ಗಾ ಕೆಳಕ್ಕೆ ಬುಡ್ಸಿ ಅಮ್ಮಾರೆ" ಎಂದು ಡೈವರು ನರಳುತ್ತಿದ್ದ. "ನೀರು ಅದುಮುದ್ರೆ ಗುಳ್ಳೆ ಕರಗ್ತವೆ. ಬೇರೆ ಔಸ್ದಿ ಇಲ್ಲ ಇದ್ಕೆ."

ಪಂಪಿನವರು ಒಪ್ಪಲಿಲ್ಲ. "ಸಾಹೇಬ್ರು ಯೋಳ್ದೆ ಎಂಗ್ ಬುಡಾದು ಅಮ್ಮಾರೆ?"

"ಅವರೇ ಹೇಳಿ ಕಳಿಸಿದಾರೆ" ಎಂದೆ. ಜೀವಮಾನದಲ್ಲಿ ಅಷ್ಟು ಸಲೀಸಾಗಿ ನಾನು ಮತ್ತೊಂದು ಸುಳ್ಳು ಹೇಳಿಲ್ಲ.

ಹೆಲ್ಮೆಟ್ಟು ತೊಡಿಸಿ ಇಳಿಸಿದರು. ನಾನು ಬಾವಿಯ ಕಟ್ಟೆಯ ಮೇಲೆ ಅವನ ಆ ಪಟ್ಟಿಯ ಕಾಗದ ಹರಡಿಕೊಂಡು ಕೂತು ನಿಮಿಷ ಎಣಿಸಿದೆ. ಸ್ವಲ್ಪ ಎಳೆಯಿರಿ, ನಿಲ್ಲಿಸಿ, ಮತ್ತೆ ಸ್ವಲ್ಪ. ಅವನ ಕಡೆಯಿಂದ ಹಗ್ಗ ಜಗ್ಗಿದಾಗಲೆಲ್ಲ ಬದುಕಿದ್ದಾನೆ ಎಂದುಕೊಳ್ಳುತ್ತಿದ್ದೆ. ದನಗಳು ಮನೆಗೆ ತಿರುಗುವ ಹೊತ್ತಿಗೆ ಮೇಲೆ ಬಂದ. ಭುಜದ ನೋವು ಹೋಗಿತ್ತು. ಬಲಗಾಲು ಆಡುತ್ತಿತ್ತು. ಎಡಗಾಲು ಮಾತ್ರ ಅರೆಬರೆ.

ಅಷ್ಟರಲ್ಲಿ ಇಂಜಿನಿಯರರ ಜೀಪು ಬಂದಿತ್ತು. ಯಜಮಾನರೂ ತಲೆ ಬಾಚಿಕೊಂಡು ಬಂದು ನಿಂತಿದ್ದರು. ಬೇರೆ ಕಡೆ ಇಂಥದ್ದನ್ನು ಕಂಡಿದ್ದ ಇಂಜಿನಿಯರರು, "ಮತ್ತೆ ಇಳಿಸಬೇಕು ಅಂತ ಯಾರಿಗೆ ಹೊಳೀತು?" ಎಂದು ಕೇಳಿದರು.

"ನಾನೇ ಸಾರ್" ಎಂದರು ಯಜಮಾನರು. ಒಂದು ಕ್ಷಣವೂ ತಡವರಿಸಲಿಲ್ಲ. ಇಂಜಿನಿಯರರು ಬೆನ್ನು ತಟ್ಟಿದರು. ಪಂಪಿನವರು ನನ್ನ ಮುಖ ನೋಡಿದರು.

ಡೈವರು ಮತ್ತೆ ನೀರಿಗಿಳಿಯಲಿಲ್ಲ. ಕೊಣನೂರು ಸಂತೆಯಲ್ಲಿ ಬಲೆ ಮಾರುತ್ತ ಕೂತಿದ್ದವನನ್ನು ಒಮ್ಮೆ ಕಂಡೆ, ಪಕ್ಕದಲ್ಲಿ ಊರುಗೋಲಿತ್ತು. "ಚೆಂದಾಗಿವ್ನಿ ಅಮ್ಮಾರೆ" ಎಂದ. ಯಜಮಾನರನ್ನು ವಿಚಾರಿಸಲಿಲ್ಲ.

ಯಜಮಾನರಿಗೆ ಬಡ್ತಿಯಾಗಿ ಚನ್ನರಾಯಪಟ್ಟಣಕ್ಕೆ ಹೋದೆವು. ಮನೆಗೆ ಬಂದವರಿಗೆಲ್ಲ ಈ ಕಥೆ ಹೇಳುತ್ತಿದ್ದರು. ಹೇಳಿದಷ್ಟು ಸಲವೂ ಬಾವಿ ಇನ್ನೂ ಹತ್ತು ಅಡಿ ಆಳವಾಗುತ್ತಿತ್ತು. ಒಂದು ಸಂಜೆ, ಚಕ್ಕುಲಿಯ ತಟ್ಟೆ ಇಡುತ್ತ ನಾನು ಹೇಳಿದೆ: "ಆ ಹೊತ್ತಿನಲ್ಲಿ ನೀವು ಮಲಗಿದ್ದಿರಿ. ಎಬ್ಬಿಸಿದರೆ ರೇಗುತ್ತೀರಿ ಅಂತ ನಾನು ಎಬ್ಬಿಸಲಿಲ್ಲ."

ಬಂದವರು ತಲೆ ತಗ್ಗಿಸಿ ಚಕ್ಕುಲಿ ಮುರಿದರು. "ಹೆಂಗಸರಿಗೆ ಮರೆವು ಜಾಸ್ತಿ" ಎಂದು ಯಜಮಾನರು ನಕ್ಕರು. ಆಮೇಲೆ ಆ ಕಥೆಯನ್ನು ಮನೆಯಲ್ಲಿ ಹೇಳುವುದು ಬಿಟ್ಟರು. ಆಫೀಸಿನಲ್ಲಿ ಹೇಳುತ್ತಿದ್ದರಂತೆ.