ಕಮಾಂಡರ್ ಸಾಹೇಬರ ಸಲ್ಯೂಟ್

ರಾಷ್ಟ್ರಗೀತೆ ಮುಗಿದದ್ದೇ ತಡ, “ಸಾರ್, ನಿಮ್ಮ ಸಲ್ಯೂಟೇ ತಪ್ಪು. ಅಂಗೈ ಎದುರಿನವರಿಗೆ ಕಾಣಬೇಕು” ಎಂದು ಎಲ್ಲರ ಮುಂದೆಯೇ ಅಂದುಬಿಟ್ಟೆ.

ನಾನು ರಿಟೈರಾದ ಡ್ರಿಲ್ ಮೇಷ್ಟ್ರು. ತುಮಕೂರಿನ ಶೆಟ್ಟಿಹಳ್ಳಿಯ ನಮ್ಮ ಬೀದಿಯಲ್ಲಿ ಪ್ರತಿವರ್ಷ ಧ್ವಜ ಹಾರಿಸುತ್ತಿದ್ದವನು ನಾನೇ. ಈ ಸಲ ಧ್ವಜದ ಹಗ್ಗ ಬೀದಿಗೆ ಹೊಸದಾಗಿ ಬಂದ ಕಮಾಂಡರ್ ಸಾಹೇಬರ ಕೈಗೆ ಹೋಗಿತ್ತು. ಕುಣಿಗಲ್ ಕಡೆಯವರು. ನೌಕಾಪಡೆಯಲ್ಲಿದ್ದು ಅರವತ್ತೈದು, ಎಪ್ಪತ್ತೊಂದು ಎರಡೂ ಯುದ್ಧ ಕಂಡವರು. ಎಂಬತ್ತು ದಾಟಿದರೂ ಬೆನ್ನು ಬಾಗಿಲ್ಲ. ಅದಕ್ಕೇ ನನಗೆ ಇನ್ನಷ್ಟು ಹೊಟ್ಟೆಯುರಿ.

ಅವರು ಸಿಟ್ಟಾಗಲಿಲ್ಲ. “ಆರ್ಮೀಲಿ ಹಂಗೆ ಮೇಷ್ಟ್ರೇ, ನೇವೀಲಿ ಅಂಗೈ ಕೆಳಕ್ಕೆ. ಹಡಗಿನ ಹಗ್ಗ ಎಳೆದು ಟಾರು ಮೆತ್ತಿದ ಕೈ ಕಾಣಬಾರ್ದು ಅಂತ ಹಿಂದಿನೋರು ಮಾಡಿದ್ದು. ಯುದ್ಧದಿಂದ ವಾಪಸ್ ಬರದ ಗೆಳೆಯರಿಗೂ ಹಿಂಗೇ ಹೊಡ್ದಿದೀನಿ” ಅಂದರು.

ಹೆಂಗಸರು ಕಣ್ಣೊರೆಸಿಕೊಂಡರು. ನನ್ನ ಕೈಗೆ ಯಾರೋ ಒಂದು ಲಾಡು ಇಟ್ಟು ಮುಂದೆ ಹೋದರು.

ಈಗ ನಾನೇ ಸಲ್ಯೂಟ್ ಕಲಿಸಿದ ಬೀದಿಯ ಮಕ್ಕಳು ನನ್ನನ್ನು ಕಂಡರೂ ಅಂಗೈ ಕೆಳಗೆ ಮಾಡಿಯೇ ಹೊಡೆಯುತ್ತವೆ. ನಿನ್ನೆ ಬಾಗಿಲು ಹಾಕಿಕೊಂಡು, ಕನ್ನಡಿ ಮುಂದೆ ನಾನೂ ಹಾಗೆ ಹೊಡೆದು ನೋಡಿದೆ. ಸಾಹೇಬರಿಗೊಪ್ಪಿದ ಹಾಗೆ ನನಗೊಪ್ಪಲಿಲ್ಲ.