ಶೀರ್ಷಿಕೆಯಲ್ಲಿ ಬರೀ ಹೆಸರು

ಇದನ್ನು ಹೇಳಬೇಕೆಂದು ಕೂತಾಗಲೆಲ್ಲ ಬೇರೆ ಕೆಲಸದ ನೆಪ ಮಾಡಿ ಎದ್ದುಹೋಗಿದ್ದೇನೆ.

ಚಾಮರಾಜಪೇಟೆಯ ಸೈಬರ್ ಸೆಂಟರಿನಲ್ಲಿ ನಾವು ಕೆಲವರು ಭಾನುವಾರ ಸೇರಿ, ಯಾರು ಬೇಕಾದರೂ ಬರೆಯಬಹುದಾದ ಇಂಟರ್‌ನೆಟ್ ವಿಶ್ವಕೋಶಕ್ಕೆ ಕನ್ನಡ ಪುಟಗಳನ್ನು ಬರೆಯುತ್ತಿದ್ದೆವು. ಪುಟಗಳಿಗೆ ಹೆಸರಿಡುವ ನಿಯಮ ನೋಡಿಕೊಳ್ಳುತ್ತಿದ್ದವನು ನಾನು. ಮಾವಳ್ಳಿಯಿಂದ ಒಬ್ಬ ವಿಧವೆ ಬರುತ್ತಿದ್ದರು. ಪೇಟೆಯ ಅಂಗಡಿಗಳಿಗೆ ಬೋರ್ಡ್ ಬರೆಯುತ್ತಿದ್ದ ಗಂಡನ ಬಗ್ಗೆ ಒಂದು ಪುಟ ಉಳಿಯಬೇಕೆಂಬುದೊಂದೇ ಅವರ ಆಸೆ. ಕೀಬೋರ್ಡ್ ಮುಟ್ಟಿ ಕಣ್ಣಿಗೊತ್ತಿಕೊಂಡು, "ನಮ್ಮನೆಯೋರು, ಬರ್ಕೊಳ್ಳಿ" ಎಂದೇ ಮಾತು ಶುರುಮಾಡುತ್ತಿದ್ದರು. ಪುಟಕ್ಕೆ 'ಬೋರ್ಡ್ ಬರೆಯೋರು' ಎಂದು ಹೆಸರಿಟ್ಟಿದ್ದರು.

"ಶೀರ್ಷಿಕೇಲಿ ಬರೀ ಹೆಸರಿರ್ಬೇಕಮ್ಮ. ಹೇಳಿ, ಹಾಕ್ತೀನಿ," ಎಂದೆ.

"ಅವರ ಹೆಸರು ಬಾಯಲ್ಲಿ ಹೇಳಿದೋಳಲ್ಲ ನಾನು. ನಿಮಗೆ ಗೊತ್ತಲ್ಲ, ನೀವೇ ಹಾಕ್ಬಿಡಿ."

ನನಗೆ ಗೊತ್ತಿತ್ತು. ಆದರೂ, "ಹೇಳ್ದಿದ್ರೆ ಪುಟ ಅಳಿಸ್ಬೇಕಾಗುತ್ತೆ," ಎಂದೆ.

"ಹೊಸ್ಲಲ್ಲಿ ನಿಂತಿರೋ ಮದುಮಗಳು ಅನ್ಕೊಂಡು ಗಂಡನ ಹೆಸ್ರು ಹೇಳ್ಬಿಡಿ ಅಜ್ಜಿ!" ಎಂದು ಯಾರೋ ರೇಗಿಸಿದರು. ಎಲ್ಲರ ಜೊತೆ ನಾನೂ ನಕ್ಕೆ.

ಅವರು ಎದ್ದುನಿಂತು ಹೇಳಿದರು. ಕೇಳಿಸಲಿಲ್ಲ ಎಂದೆ. ಇನ್ನೊಮ್ಮೆ ಹೇಳಿದರು. ಆಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡು ಹೊರಟುಹೋದರು. ಮತ್ತೆ ಬರಲಿಲ್ಲ.

ಅವರು ತೀರಿಕೊಂಡ ಸುದ್ದಿ ಬಂದಾಗಲೂ ನಾನು ಮಾವಳ್ಳಿಗೆ ಹೋಗಲಿಲ್ಲ. ಆ ಅಮ್ಮನ ಹೆಸರು ಬರೆದು ಕ್ಷಮೆ ಕೇಳೋಣವೆಂದು ಇವತ್ತು ಕೂತೆ. ಕೈ ಏಳಲಿಲ್ಲ.